ಲ್ಯಾಬಿನಲ್ಲಿ ಇರುವವರಿಗೆ ಬಿಸಿನೆಸ್ ಅವಕಾಶ ಹೇಗೆ ಕಾಣುತ್ತದೆ?

ಪ್ರಶ್ನೆ: ಸರ್, ನಾನು ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕಿ. ನೀರಿನ ಪೈಪಿನ ಒಳಗೆ ಬ್ಯಾಕ್ಟೀರಿಯಾ ಸೇರಿಕೊಂಡು ಲೋಳೆಯಂಥ ಪದರ ಕಟ್ಟುತ್ತದಲ್ಲ, ಅದನ್ನು ತಡೆಯುವ ಲೇಪನದ ಮೇಲೆ ನಮ್ಮ ತಂಡ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. ಪೇಪರ್‌ಗಳು ಚೆನ್ನಾಗಿಯೇ ಬಂದಿವೆ. (ಪದರ ಎಷ್ಟು ದಪ್ಪ ಆಗಿದೆ ಎಂದು ಪೈಪ್ ಬಿಚ್ಚದೆಯೇ ಅಳೆಯುವ ಚಿಕ್ಕ ಸಾಧನವೊಂದನ್ನು ನಮ್ಮ ಉಪಯೋಗಕ್ಕೆ ಮಾಡಿಕೊಂಡಿದ್ದೇವೆ. ಅದು ನಮಗೂ ಬೇಕು ಎಂದು ಬೇರೆ ಲ್ಯಾಬಿನವರು ಆಗಾಗ ಮೇಲ್ ಮಾಡುತ್ತಿರುತ್ತಾರೆ.) ಪಕ್ಕದ ವಿಭಾಗದ ಇಬ್ಬರು ಕಂಪನಿ ಶುರು ಮಾಡಿದ್ದಾರೆ. ನನಗೆ ಮಾತ್ರ ನನ್ನ ಕೆಲಸದಲ್ಲಿ ಬಿಸಿನೆಸ್ ಎಲ್ಲಿದೆ ಎಂದು ಕಾಣುವುದೇ ಇಲ್ಲ. ಇದನ್ನು ಗುರುತಿಸುವ ಕಣ್ಣು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆಯೇ?

ಉತ್ತರ: ಹುಟ್ಟಿನಿಂದ ಬರುವ ಕಣ್ಣು ಅಂತ ಏನೂ ಇಲ್ಲ ಮೇಡಂ. ವಿಶ್ವವಿದ್ಯಾಲಯದ ತಂತ್ರಜ್ಞಾನ ವರ್ಗಾವಣೆ ಕಚೇರಿಯಲ್ಲಿ, ಅಂದರೆ ಲ್ಯಾಬಿನ ಆವಿಷ್ಕಾರಗಳನ್ನು ಉದ್ಯಮಕ್ಕೆ ತಲುಪಿಸುವ ಕಚೇರಿಯಲ್ಲಿ, ಪ್ರಾಧ್ಯಾಪಕರ ಜೊತೆ ಇದೇ ವಿಷಯ ಮಾತಾಡುವುದು ನನ್ನ ಕೆಲಸ. ಕಂಪನಿ ಶುರು ಮಾಡಿದವರು ಉಳಿದವರಿಗಿಂತ ಜಾಣರು ಎಂದು ನನಗೆ ಯಾವತ್ತೂ ಅನಿಸಿಲ್ಲ. ಅವರು ನಿಂತಿದ್ದ ಜಾಗ ಬೇರೆ, ಅಷ್ಟೆ. ಯಾರದ್ದೋ ತೊಂದರೆ ಕಿವಿಗೆ ಬೀಳುವಷ್ಟು ಹತ್ತಿರ ಅವರು ಇದ್ದರು, ಮತ್ತು ಅದು ಬಿದ್ದಾಗ ಕೇಳಿಸಿಕೊಂಡರು.

ನಿಮ್ಮ ಪತ್ರ ಓದುವಾಗ ನಾನು ಮೊದಲು ನಿಂತಿದ್ದು ಆವರಣದೊಳಗೆ ಹಾಕಿದ ಆ ಸಾಲುಗಳ ಹತ್ತಿರ. ಲೇಪನ ಬೇಕು ಎಂದು ಯಾರಾದರೂ ಕೇಳಿದ್ದಾರೆಯೇ? ನೀವು ಬರೆದಿಲ್ಲ. ಆದರೆ ಅಳೆಯುವ ಸಾಧನವನ್ನು ಜನ ತಾವಾಗಿಯೇ ಕೇಳುತ್ತಿದ್ದಾರೆ. ನೀವು ಜಾಹೀರಾತು ಕೊಟ್ಟಿಲ್ಲ, ಯಾರ ಹತ್ತಿರವೂ ಹೋಗಿಲ್ಲ. ಆದರೂ ಮೇಲ್ ಬರುತ್ತಿವೆ. ಅದು ಬಿಸಿನೆಸ್ ಆಗಿಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹುಡುಕುವುದಾದರೆ ಅಲ್ಲಿಂದ ಹುಡುಕಬೇಕು ಎನ್ನುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಮೆರಿಕದ ಎಂಐಟಿಯಲ್ಲಿ 1980ರ ದಶಕದ ಕೊನೆಯಲ್ಲಿ ಒಂದು ತಂತ್ರಜ್ಞಾನ ಹುಟ್ಟಿತು. ಪುಡಿಯನ್ನು ತೆಳುವಾಗಿ ಹರಡಿ, ಅದರ ಮೇಲೆ ಅಂಟನ್ನು ಹನಿಹನಿಯಾಗಿ ಬೀಳಿಸಿ, ಪದರದ ಮೇಲೆ ಪದರ ಕಟ್ಟುತ್ತಾ ವಸ್ತುವೊಂದನ್ನು ರೂಪಿಸುವುದು. ತ್ರಿಡಿ ಪ್ರಿಂಟಿಂಗ್ ಎಂಬ ಹೆಸರು ಅಲ್ಲಿಂದಲೇ ಬಂತು. ಇದೊಂದೇ ಆವಿಷ್ಕಾರವನ್ನು ಹಿಡಿದುಕೊಂಡು ಎಂಟು ಗುಂಪಿನವರು ಎಂಟು ಬೇರೆ ಬೇರೆ ಬಿಸಿನೆಸ್ ಕಂಡರು. ಸ್ಕಾಟ್ ಶೇನ್ ಎಂಬ ಸಂಶೋಧಕರು ಆ ಎಂಟೂ ಗುಂಪಿನವರನ್ನು ಮಾತಾಡಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬರಿಗೆ ಅದರಲ್ಲಿ ಲೋಹ ಎರಕ ಹೊಯ್ಯುವ ಅಚ್ಚು ಕಂಡಿತ್ತು. ಇನ್ನೊಬ್ಬರಿಗೆ ಪಿಂಗಾಣಿಯ ಫಿಲ್ಟರ್. ಮತ್ತೊಬ್ಬರಿಗೆ ಔಷಧದ ಮಾತ್ರೆ. ಇನ್ನೂ ಒಬ್ಬರಿಗೆ ಡಿಸೈನರುಗಳ ಆಫೀಸಿನಲ್ಲಿ ಇಡಬಹುದಾದ ಮಾಡೆಲ್ ಮಾಡುವ ಯಂತ್ರ.

ಇದರಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಎರಡು ಸಂಗತಿ. ಒಂದು, ಅವರಲ್ಲಿ ಯಾರೂ ಪಟ್ಟಿ ಮಾಡಿಕೊಂಡು ಅವಕಾಶ ಹುಡುಕಲು ಕೂತವರಲ್ಲ. ತಂತ್ರಜ್ಞಾನದ ವಿಷಯ ಕಿವಿಗೆ ಬಿದ್ದಾಗ, ತಾವು ಮೊದಲಿನಿಂದ ಬಲ್ಲ ಕೆಲಸದ ಯಾವುದೋ ತೊಂದರೆ ಅವರಿಗೆ ನೆನಪಾಯಿತು. ಅಚ್ಚು ಕಂಡವರಿಗೆ ಎರಕದ ಕೆಲಸ ಗೊತ್ತಿತ್ತು. ಎರಡನೆಯದು, ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಲಿಲ್ಲ. ಅಂದರೆ ಬಿಸಿನೆಸ್ ಅವಕಾಶ ಆವಿಷ್ಕಾರದ ಒಳಗೆ ಅಡಗಿ ಕೂತಿರಲಿಲ್ಲ. ಆವಿಷ್ಕಾರ ಮತ್ತು ಆ ಮನುಷ್ಯನ ಹಿಂದಿನ ಅನುಭವ ಸೇರಿದಾಗ ಮಾತ್ರ ಅದು ಹುಟ್ಟಿತು. ನಿಮಗೆ ನಿಮ್ಮ ಲೇಪನವನ್ನು ಎಷ್ಟು ದಿಟ್ಟಿಸಿದರೂ ಏನೂ ಕಾಣದಿರುವುದಕ್ಕೆ ಕಾರಣ ಇದೇ ಇರಬಹುದು. ಪೈಪುಗಳನ್ನು ನಡೆಸುವವರ ದಿನಚರಿ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ದೋಷವಲ್ಲ, ತಿಳಿದುಕೊಳ್ಳಬಹುದು.

ಅದರ ಜೊತೆಗೆ ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತೂ ಇದೆ. ಪ್ರಾಧ್ಯಾಪಕರ ವಿಷಯದಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಪೇಪರ್ ಆಗುವಂಥದ್ದು ಮಾತ್ರ ಬೆಲೆಯುಳ್ಳದ್ದು ಎಂದು ನಮ್ಮ ವೃತ್ತಿ ಕಲಿಸಿಬಿಟ್ಟಿರುತ್ತದೆ. ಲ್ಯಾಬಿನಲ್ಲಿ ಕೆಲಸ ಸಲೀಸಾಗಲಿ ಎಂದು ಮಾಡಿಕೊಂಡ ಸಾಧನ, ವಿದ್ಯಾರ್ಥಿ ಬರೆದಿಟ್ಟ ಸಾಫ್ಟ್‌ವೇರ್, ಮಾದರಿಗಳನ್ನು ಕೆಡದಂತೆ ಇಡುವ ಉಪಾಯ, ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಹೊರಗಿನವರಿಗೆ ಬೇಕಾಗುವುದು ಎಷ್ಟೋ ಸಲ ಅದೇ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್ಮನ್ ಅವರ ಕಥೆ ನೋಡಿ. 1990ರ ದಶಕದಲ್ಲಿ ಅವರಿಬ್ಬರೂ ಕೇಳುತ್ತಿದ್ದದ್ದು ಶುದ್ಧ ವಿಜ್ಞಾನದ ಪ್ರಶ್ನೆ. ಡಿಎನ್ಎಯ ನಕಲು ತೆಗೆಯುವ ಕಿಣ್ವ ಹೇಗೆ ಹೆಜ್ಜೆ ಇಡುತ್ತದೆ? ಅದನ್ನು ನೋಡಲು ಡಿಎನ್ಎಯನ್ನು ಗಾಜಿನ ಮೇಲೆ ಅಂಟಿಸಿ, ಬೆಳಗುವ ಬಣ್ಣ ಹಚ್ಚಿದ ಅಕ್ಷರಗಳನ್ನು (ಡಿಎನ್ಎ ಕಟ್ಟುವ ಚಿಕ್ಕ ಘಟಕಗಳನ್ನು) ಅದು ಒಂದೊಂದಾಗಿ ಸೇರಿಸಿಕೊಳ್ಳುವುದನ್ನು ಗಮನಿಸುವ ವಿಧಾನ ಕಟ್ಟಿಕೊಂಡರು. 1997ರಲ್ಲಿ ಮಾತಾಡುತ್ತಾ ಕೂತಾಗ ಹೊಳೆದದ್ದು ಇದು: ಯಾವ ಅಕ್ಷರ ಸೇರಿತು ಎಂದು ಪ್ರತಿ ಸಲವೂ ಕಾಣುತ್ತಿದೆ ಎಂದರೆ, ನಾವು ಡಿಎನ್ಎಯನ್ನು ಓದುತ್ತಿದ್ದೇವೆ ಅಂತ ಅರ್ಥ ಅಲ್ವಾ? ಗಾಜಿನ ಮೇಲೆ ಇಂಥ ಲಕ್ಷಾಂತರ ತುಣುಕುಗಳನ್ನು ಒಟ್ಟಿಗೆ ಓದಿದರೆ? ಮರುವರ್ಷ ಸೊಲೆಕ್ಸಾ ಎಂಬ ಕಂಪನಿ ಹುಟ್ಟಿತು. 2007ರಲ್ಲಿ ಅದನ್ನು ಇಲ್ಯುಮಿನಾ ಎಂಬ ಅಮೆರಿಕದ ಕಂಪನಿ ಕೊಂಡುಕೊಂಡಿತು. ಇವತ್ತು ಜಗತ್ತಿನಲ್ಲಿ ನಡೆಯುವ ಜೀನೋಮ್ ಓದಿನ ದೊಡ್ಡ ಪಾಲು ಆ ವಿಧಾನದ ಮೇಲೆ ನಿಂತಿದೆ. ಅವರ ಮೂಲ ಪ್ರಶ್ನೆಗೆ ಗಿರಾಕಿ ಇರಲಿಲ್ಲ. ಆ ಪ್ರಶ್ನೆಗಾಗಿ ಕಟ್ಟಿಕೊಂಡ ಸಾಧನಕ್ಕೆ ಇಡೀ ಜೀವಶಾಸ್ತ್ರವೇ ಗಿರಾಕಿಯಾಯಿತು.

ಸಾಸ್ ಎಂಬ ಸಾಫ್ಟ್‌ವೇರ್ ನಿಮಗೆ ಗೊತ್ತಿರುತ್ತದೆ. ಅದು ಶುರುವಾದದ್ದು ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಕೃಷಿ ಸಂಶೋಧನೆಯ ಅಂಕಿಅಂಶ ವಿಶ್ಲೇಷಿಸಲು. ಬೇರೆಯವರೂ ಅದನ್ನು ಕೇಳಿ ಪಡೆದುಕೊಂಡು ಬಳಸತೊಡಗಿದರು. ಅದನ್ನು ಕಟ್ಟಿದವರು 1976ರಲ್ಲಿ ಕ್ಯಾಂಪಸ್ ಬಿಟ್ಟು ಹೊರಬಂದು ಕಂಪನಿ ಮಾಡಿದಾಗ, ಬಳಸುವವರು ಆಗಲೇ ಇದ್ದರು. ಗಿರಾಕಿ ಮೊದಲು, ಕಂಪನಿ ಆಮೇಲೆ. ಹಾಗೆಯೇ 1968ರಲ್ಲಿ ಅರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಲಿಯೊನಾರ್ಡ್ ಕ್ಲೈನ್‌ರಾಕ್ ಎಂಬ ಮೂವರು ಪ್ರಾಧ್ಯಾಪಕರಿಗೆ ಸಲಹೆ ಕೇಳಿಕೊಂಡು ಬರುವವರು ಜಾಸ್ತಿಯಾದರು. ಆ ಕೆಲಸವನ್ನೆಲ್ಲ ಒಟ್ಟಿಗೆ ಮಾಡಲು ಲಿಂಕಾಬಿಟ್ ಎಂಬ ಚಿಕ್ಕ ಸಂಸ್ಥೆ ಹುಟ್ಟಿತು. ಮುಂದೆ 1985ರಲ್ಲಿ ಜೇಕಬ್ಸ್ ಮತ್ತು ವಿಟರ್ಬಿ, ಇವತ್ತು ಮೊಬೈಲ್ ಚಿಪ್‌ಗಳಿಗೆ ಹೆಸರಾದ ಕ್ವಾಲ್ಕಾಮ್ ಕಂಪನಿ ಕಟ್ಟಿದ್ದು ಆ ದಾರಿಯಲ್ಲೇ ನಡೆದು.

ಈಗ ನಿಮ್ಮ ಮೇಲ್‌ಬಾಕ್ಸಿಗೆ ಬರೋಣ. ಸಾಧನ ಕೇಳಿದವರ ಮೇಲ್‌ಗಳನ್ನೆಲ್ಲ ಹುಡುಕಿ ಒಂದು ಕಡೆ ಇಡಿ. ಯಾರು ಕೇಳಿದರು, ಯಾವ ಕೆಲಸಕ್ಕೆ ಎಂದು ಬರೆದರು, ಕೊಟ್ಟಿಲ್ಲವೆಂದಾಗ ಏನು ಮಾಡಿದರು, ಎರಡನೇ ಸಲ ಕೇಳಿದವರು ಯಾರು. ಎರಡನೇ ಸಲ ಕೇಳಿದವರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಲ್ಯಾಬಿಗೆ ಬಂದು ಅಳೆದುಕೊಂಡು ಹೋಗುತ್ತೇವೆ ಎಂದವರು ಇದ್ದರೆ, ಅವರು ಇನ್ನೂ ಮುಖ್ಯ. ಸುಮ್ನೆ ಕುತೂಹಲಕ್ಕೆ ಕೇಳುವವರು ಒಂದು ಮೇಲ್ ಬರೆದು ಮರೆತುಬಿಡುತ್ತಾರೆ. ನಿಜವಾಗಿ ಕಷ್ಟದಲ್ಲಿ ಇರುವವರು ಪ್ರಯಾಣ ಮಾಡಿಕೊಂಡು ಬರುತ್ತಾರೆ.

ಇನ್ನೊಂದು ದಾರಿಯೂ ಇದೆ. ತೊಂದರೆ ಪ್ರಶ್ನೆಯ ರೂಪದಲ್ಲಿ, ನಿಮ್ಮ ವಿಷಯ ಏನೂ ಗೊತ್ತಿಲ್ಲದವರ ಬಾಯಲ್ಲಿ ಬರುತ್ತದೆ. 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಒಬ್ಬರು ಕೇಳಿದ ಪ್ರಶ್ನೆ: ಆಟ ಮುಗಿದ ಮೇಲೆ ನಮ್ಮ ಹುಡುಗರು ಮೂತ್ರಕ್ಕೆ ಹೋಗುವುದೇ ಇಲ್ಲವಲ್ಲ, ಯಾಕೆ? ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ಆ ಪ್ರಶ್ನೆ ತಲುಪಿದ್ದು ಮೂತ್ರಪಿಂಡದ ತಜ್ಞ ರಾಬರ್ಟ್ ಕೇಡ್ ಅವರನ್ನು. ಮೈಯ ನೀರೆಲ್ಲ ಬೆವರಾಗಿ ಹೋಗುತ್ತಿದೆ, ಜೊತೆಗೆ ಉಪ್ಪಿನ ಅಂಶಗಳೂ ಹೋಗುತ್ತಿವೆ ಎಂದು ಅವರಿಗೆ ಹೊಳೆಯಿತು. ನೀರು, ಸಕ್ಕರೆ, ಉಪ್ಪುಗಳನ್ನು ಸೇರಿಸಿ ಅವರ ತಂಡ ಮಾಡಿದ ಪಾನೀಯವೇ ಗೇಟೊರೇಡ್. ವಿಜ್ಞಾನ ಕೇಡ್ ಅವರ ಬಳಿ ಎಷ್ಟೋ ವರ್ಷದಿಂದ ಇತ್ತು. ಬಂದು ಸೇರಿದ್ದು ಪ್ರಶ್ನೆ ಮಾತ್ರ. ಆದ್ದರಿಂದ ಬೇರೆ ವಿಭಾಗದವರು, ತಂತ್ರಜ್ಞರು, ಕಾರ್ಖಾನೆಯವರು ಕೇಳುವ ಸಾದಾ ಪ್ರಶ್ನೆಗಳನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಉದ್ಯಮದಲ್ಲಿ ಕೆಲಸ ಮಾಡುತ್ತಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ದೊಡ್ಡ ಆಸ್ತಿ. ನಿಮ್ಮ ವಿಜ್ಞಾನವೂ ಅವರಿಗೆ ಗೊತ್ತು, ಅಲ್ಲಿನ ತಲೆನೋವೂ ಗೊತ್ತು. ಅವರಿಗೆ ಫೋನ್ ಮಾಡಿ ಮಾತಾಡಲು ಹೆಚ್ಚಿನ ಪ್ರಾಧ್ಯಾಪಕರು ಯಾಕೆ ಹಿಂಜರಿಯುತ್ತಾರೋ ನನಗೆ ಅರ್ಥವಾಗುವುದಿಲ್ಲ.

ನೀವೇ ಗುರುತಿಸಬೇಕು ಎಂದೂ ಇಲ್ಲ. ಇದನ್ನು ಒತ್ತಿ ಹೇಳಬೇಕು. ಹರ್ಬರ್ಟ್ ಬೋಯರ್ ಮತ್ತು ಸ್ಟ್ಯಾನ್ಲಿ ಕೋಹನ್ 1973ರಲ್ಲಿ ಒಂದು ಜೀವಿಯ ಜೀನನ್ನು ಇನ್ನೊಂದಕ್ಕೆ ಕತ್ತರಿಸಿ ಜೋಡಿಸುವ ವಿಧಾನ ಪ್ರಕಟಿಸಿದರು. ಪೇಟೆಂಟಿನ ಯೋಚನೆ ಅವರಿಗೆ ಬಂದಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಲೈಸೆನ್ಸಿಂಗ್ ಕಚೇರಿಯ ನೀಲ್ಸ್ ರೈಮರ್ಸ್ ಪತ್ರಿಕೆಯಲ್ಲಿ ಸುದ್ದಿ ಓದಿ, ಕೋಹನ್ ಅವರಿಗೆ ಫೋನ್ ಮಾಡಿ ಒಪ್ಪಿಸಿದರು. 1976ರ ಜನವರಿಯಲ್ಲಿ ರಾಬರ್ಟ್ ಸ್ವಾನ್ಸನ್ ಎಂಬ 28 ವರ್ಷದ ಯುವಕ ಬೋಯರ್ ಅವರನ್ನು ಭೇಟಿಯಾಗಲು ಬಂದರು. ಬೋಯರ್ ಕೊಟ್ಟ ಸಮಯ ಹತ್ತು ನಿಮಿಷ. ಮಾತು ಮೂರು ಗಂಟೆ ನಡೆಯಿತು. ಇಬ್ಬರೂ ತಲಾ 500 ಡಾಲರ್ ಹಾಕಿ ಕಂಪನಿಗೆ ತಯಾರಿ ಶುರು ಮಾಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ಜೆನೆನ್‌ಟೆಕ್ ಹುಟ್ಟಿತು.

ಅವರು ಮೊದಲು ಕೈ ಹಾಕಿದ ದೊಡ್ಡ ಉತ್ಪನ್ನ ಇನ್ಸುಲಿನ್. ಆ ಆಯ್ಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆಗ ಇನ್ಸುಲಿನ್ ತೆಗೆಯುತ್ತಿದ್ದದ್ದು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ. ರೋಗಿಗಳು ಇದ್ದರು. ದಿನವೂ ಬೇಕಿತ್ತು. ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಮಾರುವ ಕಂಪನಿ ಇತ್ತು, ಬರೆದುಕೊಡುವ ವೈದ್ಯರು ಇದ್ದರು. ಹೊಸದಾಗಿ ಆಗಬೇಕಿದ್ದದ್ದು ತಯಾರಿಸುವ ವಿಧಾನ ಒಂದೇ. 1978ರಲ್ಲಿ ಬ್ಯಾಕ್ಟೀರಿಯಾದಲ್ಲಿ ಮಾನವ ಇನ್ಸುಲಿನ್ ತಯಾರಾಯಿತು, 1982ರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಆ ತಂತ್ರಜ್ಞಾನದಿಂದ ನೂರು ಬಗೆಯ ಪ್ರೋಟೀನು ಮಾಡಬಹುದಿತ್ತು. ವಿಜ್ಞಾನದ ದೃಷ್ಟಿಯಿಂದ ಹೆಚ್ಚು ಕುತೂಹಲದ ಪ್ರೋಟೀನುಗಳೂ ಇದ್ದವು. ಆದರೆ ಅವರು ಆರಿಸಿದ್ದು ಜನ ಆಗಲೇ ಖರ್ಚು ಮಾಡುತ್ತಿದ್ದ ಜಾಗವನ್ನು.

ಸಂಶೋಧನೆಯ ಅವಕಾಶಕ್ಕೂ ಬಿಸಿನೆಸ್ಸಿನ ಅವಕಾಶಕ್ಕೂ ಇರುವ ಅಂತರ ಇದೇ. ಸಂಶೋಧಕರು ಇನ್ನೂ ಯಾರಿಗೂ ಗೊತ್ತಿಲ್ಲದ್ದನ್ನು ಹುಡುಕುತ್ತಾರೆ. ಬಿಸಿನೆಸ್ ಹುಡುಕುವವರು, ಈಗ ಯಾರು ಯಾವುದಕ್ಕೆ ಹಣ ಸುರಿಯುತ್ತಿದ್ದಾರೆ, ಆದರೂ ಯಾರಿಗೆ ನೆಮ್ಮದಿ ಇಲ್ಲ ಎಂದು ನೋಡುತ್ತಾರೆ. ನಿಮ್ಮ ವಿಷಯದಲ್ಲೇ ಹೇಳುವುದಾದರೆ, ಕಾರ್ಖಾನೆಯ ಶಾಖ ವಿನಿಮಯ ಯಂತ್ರದೊಳಗೆ ಲೋಳೆ ಪದರ ಕಟ್ಟಿದರೆ ಶಾಖ ಸರಿಯಾಗಿ ಸಾಗುವುದಿಲ್ಲ, ಇಂಧನ ಜಾಸ್ತಿ ಬೇಕಾಗುತ್ತದೆ. ಕೂಲಿಂಗ್ ಟವರ್‌ನಲ್ಲಿ ಕಟ್ಟಿದರೆ ಲೀಜಿಯೊನೆಲ್ಲಾದಂಥ ರೋಗಾಣು ಬೆಳೆಯಲು ಜಾಗವಾಗುತ್ತದೆ. ಅದಕ್ಕಾಗಿ ಕ್ಲೋರಿನ್ ಮತ್ತು ಬೇರೆ ರಾಸಾಯನಿಕಗಳನ್ನು ಹಾಕುತ್ತಾರೆ. ಎಷ್ಟು ಹಾಕಬೇಕು ಎಂದು ಅವರು ಹೇಗೆ ತೀರ್ಮಾನಿಸುತ್ತಾರೆ? ಅಳೆದು ಹಾಕುತ್ತಾರೋ, ಅಂದಾಜಿಗೆ ಹಾಕುತ್ತಾರೋ? ಅಂದಾಜಿಗೆ ಎಂದಾದರೆ, ನಿಮ್ಮ ಸಾಧನದ ಜಾಗ ಅದೇ ಇರಬಹುದು. ಲೇಪನ ಮಾರಬೇಕಾದರೆ ಪೈಪನ್ನೇ ಬದಲಿಸಬೇಕು ಅಥವಾ ಬಿಚ್ಚಿ ಲೇಪಿಸಬೇಕು. ಕುಡಿಯುವ ನೀರು ತಾಗುವ ಲೇಪನಕ್ಕೆ ಸುರಕ್ಷತೆಯ ಪರೀಕ್ಷೆ, ಅನುಮತಿ ಎಲ್ಲ ಬೇಕು. ಹೊರಗಿನಿಂದಲೇ ಅಳೆಯುವ ಸಾಧನಕ್ಕೆ ಇಷ್ಟು ಅಡ್ಡಿಗಳಿಲ್ಲ.

ಇವುಗಳ ಉತ್ತರ ಕೂತಲ್ಲಿ ಸಿಗುವುದಿಲ್ಲ, ಹೋಗಿ ಕೇಳಬೇಕು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ 2011ರಲ್ಲಿ ಐ-ಕೋರ್ ಎಂಬ ತರಬೇತಿ ಶುರು ಮಾಡಿತು. ಅದರಲ್ಲಿ ವಿಜ್ಞಾನಿಗಳ ತಂಡ ಕೆಲವೇ ವಾರಗಳಲ್ಲಿ ಸುಮಾರು ನೂರು ಜನರನ್ನು, ಅಂದರೆ ಮುಂದೆ ಗಿರಾಕಿ ಆಗಬಹುದಾದವರನ್ನು, ಮಾತಾಡಿಸಿಕೊಂಡು ಬರಬೇಕು. ನೂರು ಎಂಬುದು ನಿಮಗೆ ವಿಪರೀತ ಅನಿಸಬಹುದು. ನಾನು ನೋಡಿದ ಹಾಗೆ, ಮೊದಲ ಕೆಲವು ಮಾತುಕತೆಗಳಲ್ಲಿ ಪ್ರಾಧ್ಯಾಪಕರು ಪಾಠ ಮಾಡಿ ಬರುತ್ತಾರೆ. ಕೇಳಿಸಿಕೊಳ್ಳುವುದು ರೂಢಿಯಾಗುವುದು ಆಮೇಲೆ.

ಕೇಳುವ ರೀತಿ ಮುಖ್ಯ. "ನಮ್ಮ ಹತ್ತಿರ ಇಂಥ ಸಾಧನ ಇದೆ, ನಿಮಗೆ ಉಪಯೋಗ ಆಗುತ್ತಾ?" ಎಂದರೆ ಎಲ್ಲರೂ ಆಗುತ್ತೆ ಎನ್ನುತ್ತಾರೆ. ಪ್ರಾಧ್ಯಾಪಕರ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿಲ್ಲ. ಸಾಧನದ ಹೆಸರೇ ಎತ್ತಬೇಡಿ. ಮಾತು ಹೀಗೆ ಸಾಗಲಿ:

"ಒಳಗೆ ಲೋಳೆ ಕಟ್ಟಿದೆ ಎಂದು ಕಳೆದ ಸಲ ನಿಮಗೆ ಗೊತ್ತಾಗಿದ್ದು ಹೇಗೆ?"

"ನೀರಿನ ಒತ್ತಡ ಇಳಿದಿತ್ತು."

"ಆಗ ಏನು ಮಾಡಿದಿರಿ?"

"ಲೈನ್ ನಿಲ್ಲಿಸಿ ತೊಳೆಸಿದೆವು."

"ಅದಕ್ಕೆ ತುಂಬಾ ಖರ್ಚಾಯಿತಾ?"

"ತೊಳೆಸಿದ್ದು ಬಿಡಿ, ಲೈನ್ ನಿಂತಿದ್ದೇ ದೊಡ್ಡ ಹೊಡೆತ."

"ನಿಲ್ಲಿಸಿ ಎಂದು ಹೇಳುವವರು ಯಾರು? ಆ ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತದೆ?"

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಬಳಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು, ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮತ್ತೊಬ್ಬರು ಆಗಿರುತ್ತಾರೆ. ಬಳಸುವವರು ಮೆಚ್ಚಿಕೊಂಡ ತಕ್ಷಣ ಮಾರುಕಟ್ಟೆ ಸಿಕ್ಕಿತು ಎಂದುಕೊಂಡು ಎಡವಿದವರು ಬಹಳ ಜನ. ನಿಮಗೆ ಮೇಲ್ ಮಾಡುವ ಲ್ಯಾಬುಗಳ ವಿಷಯದಲ್ಲೂ ಇದನ್ನು ಕೇಳಿ. ಲ್ಯಾಬುಗಳು ಕೊಳ್ಳುವುದು ಅನುದಾನದ ಹಣದಲ್ಲಿ. ಅದು ಚಿಕ್ಕ ಮಾರುಕಟ್ಟೆಯೇ ಆಗಿರಬಹುದು. ಚಿಕ್ಕದಾದರೂ ಶುರು ಮಾಡಲು ಒಳ್ಳೆಯದು, ಯಾಕೆಂದರೆ ಸಾಧನದ ಹುಳುಕನ್ನು ಮುಖಕ್ಕೆ ಹೇಳುವ ಬಳಕೆದಾರರು ನಿಮಗೆ ಸಿಗುತ್ತಾರೆ.

ಮಾತುಕತೆಯ ನಡುವೆ ನಿಮ್ಮ ಕಲ್ಪನೆ ಬದಲಾಗುತ್ತದೆ. ಬದಲಾಗಬೇಕು. ಗೂಗಲ್ಲಿನ ಲ್ಯಾರಿ ಪೇಜ್ ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲು ಹೊರಟಿದ್ದು ಯಾವ ವೆಬ್ ಪುಟಕ್ಕೆ ಎಲ್ಲಿಂದ ಕೊಂಡಿಗಳು ಬಂದಿವೆ ಎಂದು ಅಧ್ಯಯನ ಮಾಡಲು. ಹುಡುಕಾಟಕ್ಕೆ ಅದು ಅಷ್ಟು ಚೆನ್ನಾಗಿ ಒದಗುತ್ತದೆ ಎಂದು ತಿಳಿದದ್ದು ನಂತರ. ಅದನ್ನು ಆಗಿನ ಕಂಪನಿಗಳಿಗೆ ಮಾರಲು ನೋಡಿ, ಯಾರೂ ತೆಗೆದುಕೊಳ್ಳದಿದ್ದಾಗ 1998ರಲ್ಲಿ ಕಂಪನಿ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ನನ್ನಂಥ ಕಚೇರಿಯವರು ಇದರಲ್ಲಿ ಏನೂ ಇಲ್ಲ ಎಂದರೆ ಅದೇ ಕೊನೆಯ ಮಾತು ಎಂದುಕೊಳ್ಳಬೇಡಿ. 1975ರಲ್ಲಿ ಕೇಂಬ್ರಿಜ್‌ನ ಸರ್ಕಾರಿ ಸಂಶೋಧನಾಲಯವೊಂದರಲ್ಲಿ ಸೆಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ ಮಾನೊಕ್ಲೋನಲ್ ಆಂಟಿಬಾಡಿ (ಒಂದೇ ಗುರಿಗೆ ಅಂಟಿಕೊಳ್ಳುವ, ಎಲ್ಲವೂ ಒಂದೇ ತೆರನಾದ ಪ್ರತಿಕಾಯ) ತಯಾರಿಸುವ ವಿಧಾನ ಕಂಡುಹಿಡಿದರು. ಪೇಟೆಂಟ್ ನೋಡಿಕೊಳ್ಳಬೇಕಿದ್ದ ಸಂಸ್ಥೆಗೆ ಅದರ ತಕ್ಷಣದ ಉಪಯೋಗ ಕಾಣಲಿಲ್ಲ, ಪೇಟೆಂಟ್ ಆಗಲಿಲ್ಲ. ಮೂರು ವರ್ಷದ ನಂತರ ಸ್ಯಾನ್ ಡಿಯಾಗೊದಲ್ಲಿ, ಅದೇ ವಿಧಾನವನ್ನು ಲ್ಯಾಬಿನಲ್ಲಿ ಬಳಸುತ್ತಿದ್ದ ಪ್ರಾಧ್ಯಾಪಕ ಐವರ್ ರಾಯ್ಸ್ಟನ್ ಮತ್ತು ಅವರ ಸಹಾಯಕ ಹೊವರ್ಡ್ ಬರ್ನ್‌ಡಾರ್ಫ್ ಹೈಬ್ರಿಟೆಕ್ ಎಂಬ ಕಂಪನಿ ಶುರು ಮಾಡಿದರು. ಬೇರೆ ಲ್ಯಾಬುಗಳಿಗೂ ಈ ಆಂಟಿಬಾಡಿ ಬೇಕು, ತಯಾರಿಸಿಕೊಳ್ಳುವ ಪುರುಸೊತ್ತು ಅವರಿಗಿಲ್ಲ ಎಂಬುದು ಅವರಿಗೆ ಕಣ್ಣೆದುರೇ ಗೊತ್ತಿತ್ತು. ಕಡತ ಓದಿದವರಿಗೆ ಕಾಣದ್ದು ಕೈಯಾರೆ ಕೆಲಸ ಮಾಡಿದವರಿಗೆ ಕಂಡಿತು.

ಪ್ರಕಟಣೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಸಾಧನದ ಬಗ್ಗೆ ಇನ್ನೂ ಪೇಪರ್ ಬರೆದಿಲ್ಲ ಎಂದಾದರೆ, ಬರೆಯುವ ಮೊದಲು ನಿಮ್ಮ ವಿಶ್ವವಿದ್ಯಾಲಯದ ಕಚೇರಿಗೆ ತಿಳಿಸಿ. ಯುರೋಪಿನಲ್ಲಿ ಒಮ್ಮೆ ಬಹಿರಂಗವಾದ ಆವಿಷ್ಕಾರಕ್ಕೆ ಸಾಮಾನ್ಯವಾಗಿ ಪೇಟೆಂಟ್ ಸಿಗುವುದಿಲ್ಲ. ಅಮೆರಿಕದಲ್ಲಿ ಒಂದು ವರ್ಷದ ಅವಕಾಶ ಇದೆ. ಕೋಹನ್ ಮತ್ತು ಬೋಯರ್ ಪೇಪರ್ ಬಂದದ್ದು 1973ರ ನವೆಂಬರ್‌ನಲ್ಲಿ, ಪೇಟೆಂಟ್ ಅರ್ಜಿ ಹೋದದ್ದು 1974ರ ನವೆಂಬರ್‌ನಲ್ಲಿ, ಗಡುವಿಗೆ ಒಂದು ವಾರ ಇದ್ದಾಗ. ಬೇರೆ ದೇಶಗಳಲ್ಲಿ ಹಕ್ಕು ಕೈತಪ್ಪಿಹೋಗಿತ್ತು. ಹಕ್ಕು ಯಾರದ್ದು ಎಂಬುದೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 1980ರ ಕಾನೂನು, ಸರ್ಕಾರದ ಹಣದಿಂದ ಆದ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಲು ಬಿಟ್ಟಿತು. ಜರ್ಮನಿಯಲ್ಲಿ 2002ರವರೆಗೂ ಅದು ಪ್ರಾಧ್ಯಾಪಕರದ್ದೇ ಆಗಿತ್ತು. ಸ್ವೀಡನ್ನಿನಲ್ಲಿ ಈಗಲೂ ಅವರದ್ದೇ. ನಿಮ್ಮ ಸಂಸ್ಥೆಯ ನಿಯಮ ಏನು ಎಂದು ಮೊದಲೇ ಓದಿಕೊಳ್ಳಿ.

ಕಂಪನಿ ಎಂದರೆ ಪಾಠ, ಸಂಶೋಧನೆ ಎರಡನ್ನೂ ಬಿಡಬೇಕು ಎಂಬ ಭಯದಿಂದಲೇ ಅವಕಾಶದ ಕಡೆ ನೋಡದವರು ಇದ್ದಾರೆ. ಬೋಯರ್ ಪ್ರಾಧ್ಯಾಪಕರಾಗಿಯೇ ಉಳಿದರು, ಕಂಪನಿ ನಡೆಸಿದ್ದು ಸ್ವಾನ್ಸನ್. ಬಾಲಸುಬ್ರಮಣಿಯನ್ ಕೂಡ ಕೇಂಬ್ರಿಜ್‌ನಲ್ಲೇ ಮುಂದುವರಿದರು. ಸಾಧನವನ್ನು ಈಗಾಗಲೇ ಇರುವ ಕಂಪನಿಯೊಂದಕ್ಕೆ ಲೈಸೆನ್ಸ್ ಕೊಡುವುದೂ ಗೌರವದ ದಾರಿಯೇ. ಇಪ್ಪತ್ತು ಜನರನ್ನು ಮಾತಾಡಿಸಿದ ಮೇಲೆ ಯಾರಿಗೂ ಇದು ದೊಡ್ಡ ತಲೆನೋವಲ್ಲ ಎಂದು ತಿಳಿದರೆ, ಸಾಧನದ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟುಬಿಡಿ. ಮೇಲ್ ಮಾಡಿದವರಿಗೆ ಅದರಿಂದ ಉಪಕಾರವಾಗುತ್ತದೆ, ನಿಮಗೂ ಒಂದು ಪೇಪರ್ ಆಗುತ್ತದೆ.

ಆದರೆ ಮುಂದುವರಿಯುವುದಾದರೆ, ವಿದ್ಯಾರ್ಥಿಗಳ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ಸಾಧನ ಕಟ್ಟಿದ್ದರಲ್ಲಿ ಅವರ ಕೈ ಇದ್ದರೆ, ಪೇಟೆಂಟಿನಲ್ಲಿ ಅವರ ಹೆಸರು ಇರಬೇಕೋ ಎಂದು ಮೊದಲ ದಿನವೇ ಕಚೇರಿಯವರನ್ನು ಕೇಳಿ. ಕಂಪನಿಯ ಗುಟ್ಟಿಗಾಗಿ ಅವರ ಪ್ರಬಂಧ ತಡವಾಗಬಾರದು. ಕಂಪನಿಯ ಕೆಲಸ ಮಾಡಿಸುವುದಾದರೆ ಅದು ಲಿಖಿತವಾಗಿ, ಸಂಬಳದೊಂದಿಗೆ, ಅವರ ಪಿಎಚ್‌ಡಿ ಕೆಲಸದಿಂದ ಬೇರೆಯಾಗಿ ಇರಲಿ. ಅವರು ಬೇಡ ಎಂದರೆ ಅವರ ಓದಿಗೆ ತೊಂದರೆಯಾಗದಂತೆ, ವಿಭಾಗದ ಇನ್ನೊಬ್ಬ ಹಿರಿಯರನ್ನು ಅವರ ಮಾರ್ಗದರ್ಶನದಲ್ಲಿ ಸೇರಿಸಿಕೊಳ್ಳಿ.